ವಿಶ್ವಾಸವಿಚಾರ: ದೋರನಹಳ್ಳಿಯ ಐತಿಹ್ಯವೂ ಕನ್ನಡದ ಕ್ರೈಸ್ತ ವಾಙ್ಮಯವೂ

೧

ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಸೀಮೆಯಲ್ಲಿ, ಕಾವೇರಿಯ ನೀರುಂಡು ಬೆಳೆಯುವ ಒಂದೇ ನಾಡಿನಲ್ಲಿ, ಎರಡು ಯಾತ್ರಾಸ್ಥಳಗಳು ಪ್ರಸಿದ್ಧವಾಗಿವೆ. ಮೊದಲನೆಯದು ಸಾಲಿಗ್ರಾಮ. ಚೋಳರಾಜನ ಉಪದ್ರವದಿಂದ ಶ್ರೀರಂಗವನ್ನು ಬಿಟ್ಟು ಪಡುವಲಿಗೆ ಬಂದ ರಾಮಾನುಜಾಚಾರ್ಯರು ತೊಂಡನೂರು ಮೇಲುಕೋಟೆಗಳಿಗೆ ಹೋಗುವ ಮುನ್ನ ಇಲ್ಲಿ ನಿಂತರೆಂದು ಶ್ರೀವೈಷ್ಣವ ಸಂಪ್ರದಾಯವು ಹೇಳುತ್ತದೆ. ಇಲ್ಲಿಯ ಶ್ರೀಪಾದತೀರ್ಥವು ಆ ನೆನಪನ್ನು ಇಂದಿಗೂ ಕಾದುಕೊಂಡಿದೆ. ಎರಡನೆಯದು ದೋರನಹಳ್ಳಿ. ಅಲ್ಲಿರುವುದು ಪಾದುವಾ ನಗರದ ಸಂತ ಅಂತೋಣಿಯವರ ದೇವಾಲಯ. ೨೦೧೯ರಲ್ಲಿ ಅಂದಿನ ಪೋಪ್ ಫ್ರಾನ್ಸಿಸರಿಂದ ಲಘು ಬೆಸಿಲಿಕವೆಂಬ ಪದವಿಯನ್ನು ಪಡೆದುದು. ಜೂನ್ ೧೩ರಂದು ನಡೆಯುವ ಸಂತರ ಹಬ್ಬಕ್ಕೆ ಕ್ರೈಸ್ತರಷ್ಟೇ ಅಲ್ಲದೆ ಇತರ ಮತದವರೂ ಬಂದು ಸೇರುವರು.

ಹಾಗೆ ಬಂದವರು ಬೇಡಿಕೊಳ್ಳುವುದೇನು? ಮೋಕ್ಷವನ್ನು ಬೇಡುವವರು ವಿರಳ. ಮಗುವಿನ ಜ್ವರ ಇಳಿಯಲಿ, ಕಳೆದುಹೋದ ಒಡವೆ ಸಿಕ್ಕಲಿ, ಮಗಳಿಗೆ ವರನು ಒದಗಲಿ, ಸಾಲ ತೀರಲಿ, ಈ ಹೊಲವನ್ನು ಮಾರಬೇಕೋ ಉಳಿಸಿಕೊಳ್ಳಬೇಕೋ ಎಂಬುದು ತೋರಲಿ ಎಂಬಿವೇ ಅವರ ಬೇಡಿಕೆಗಳು. ಹೀಗೆ ದಿನದಿನದ ನಿಶ್ಚಯಗಳಲ್ಲಿಯೂ ಕಷ್ಟಗಳಲ್ಲಿಯೂ ದೇವರನ್ನು ಆಶ್ರಯಿಸಿ ನಡೆಯುವುದನ್ನು ಕ್ರೈಸ್ತರು ವಿಶ್ವಾಸಜೀವನವೆಂದು ಕರೆಯುವರು. ಈ ಜೀವನವನ್ನು ವಸ್ತುವನ್ನಾಗಿ ಮಾಡಿಕೊಂಡು ಹುಟ್ಟಿದ ಐತಿಹ್ಯ, ಗೀತ, ಅನುವಾದ, ಚರಿತ್ರೆಗಳು ಕನ್ನಡದಲ್ಲಿ ಕಡಮೆಯಲ್ಲ. ಆದರೆ ಸಾಹಿತ್ಯವಿಮರ್ಶೆಯು ಇವುಗಳ ಕಡೆಗೆ ಕಣ್ಣು ಹಾಯಿಸಿದುದು ಅಲ್ಪ. ನಿಘಂಟು, ವ್ಯಾಕರಣ, ಮುದ್ರಣ, ಪತ್ರಿಕೆಗಳ ವಿಷಯದಲ್ಲಿ ಪಾದ್ರಿಗಳ ಉಪಕಾರವನ್ನು ವಿದ್ವಾಂಸರು ಸ್ಮರಿಸುವರು. ಅವರು ಯಾವುದಕ್ಕಾಗಿ ಆ ಶ್ರಮವನ್ನೆಲ್ಲ ಪಟ್ಟರೋ ಆ ವಾಙ್ಮಯವನ್ನು ಮಾತ್ರ ಮತಪ್ರಚಾರವೆಂದು ಬದಿಗಿಡುವರು. ಈ ಉಪೇಕ್ಷೆಯು ಯುಕ್ತವೇ, ಆ ವಾಙ್ಮಯವನ್ನು ಅಳೆಯತಕ್ಕ ಮಾನದಂಡವು ಯಾವುದು ಎಂಬುದು ಇಲ್ಲಿ ವಿಚಾರ್ಯ.

೨

ದೋರನಹಳ್ಳಿಯ ಐತಿಹ್ಯವನ್ನು ಜನರು ಹೇಳುವ ಕ್ರಮ ಹೀಗಿದೆ. ಒಬ್ಬ ಒಕ್ಕಲಿಗನು ಹೊಲವನ್ನು ಉಳುತ್ತಿದ್ದಾಗ ನೇಗಿಲಿಗೆ ಒಂದು ಮರದ ವಿಗ್ರಹವು ಸಿಕ್ಕಿತು. ಅದನ್ನು ಬೊಂಬೆಯೆಂದು ತಿಳಿದು ಅವನು ಮಕ್ಕಳಿಗೆ ಆಡಲು ಕೊಟ್ಟನು. ಕನಸಿನಲ್ಲಿ ಸಂನ್ಯಾಸಿಯ ವೇಷದವರೊಬ್ಬರು ಕಾಣಿಸಿಕೊಂಡು ತಮಗೊಂದು ಗುಡಿಯನ್ನು ಕಟ್ಟೆಂದು ಹೇಳಿದರು. ಅವನು ಅದನ್ನು ಅಲಕ್ಷಿಸಿದನು. ಮನೆಗೆ ಕಷ್ಟಗಳು ಬಂದೊದಗಿದುವು. ಆಮೇಲೆ ಅದು ಅಂತೋಣಿಯವರ ವಿಗ್ರಹವೆಂದು ತಿಳಿದವರಿಂದ ತಿಳಿದು, ಅವನು ಒಂದು ಚಿಕ್ಕ ಗುಡಿಯನ್ನು ಕಟ್ಟಿದನು, ಕಷ್ಟಗಳು ನೀಗಿದುವು.

ಈ ಕಥೆಯ ಬಂಧವು ಕನ್ನಡಿಗರಿಗೆ ಹೊಸದಲ್ಲ. ನೇಗಿಲಿಗೆ ಸಿಕ್ಕಿದ ಲಿಂಗ, ಹುತ್ತದಲ್ಲಿ ದೊರೆತ ಮೂರ್ತಿ, ಸ್ವಪ್ನದಲ್ಲಾದ ಅಪ್ಪಣೆ, ಅಪ್ಪಣೆಯನ್ನು ಮೀರಿದವನಿಗೆ ಬಂದ ವಿಪತ್ತು, ಕೊನೆಗೆ ಗುಡಿ ಎಂಬ ಅಂಗಗಳು ನಾಡಿನ ನೂರಾರು ಸ್ಥಳಮಾಹಾತ್ಮ್ಯೆಗಳಲ್ಲಿ ಇದ್ದೇ ಇವೆ. ದೂರದ ಯೂರೋಪಿನ ಸಂತನು ಮೈಸೂರು ಸೀಮೆಯ ಮಣ್ಣಿನಿಂದ ಮೇಲೆದ್ದು ಬಂದನೆಂದು ಹೇಳುವುದರಿಂದ, ಈ ದೇವರು ಹೊರಗಿನಿಂದ ಬಂದವನಲ್ಲ, ತಮ್ಮ ಹೊಲದಲ್ಲಿಯೇ ಹೂತಿದ್ದವನು ಎಂಬ ಭಾವವನ್ನು ಜನರು ಬೇರೆ ವಾದವಿಲ್ಲದೆ ಸ್ಥಾಪಿಸಿದರು. ಕಥೆಯ ದೃಷ್ಟಿಯಿಂದ ಇದು ಸಾಮಾನ್ಯ ಸಿದ್ಧಿಯಲ್ಲ.

ಆದರೆ ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಈ ಕಥೆಯಲ್ಲಿರುವುದು ಭಯವೇ ಹೊರತು ವಿಶ್ವಾಸವಲ್ಲ. ಗುಡಿಯನ್ನು ಕಟ್ಟಿದರೆ ಕಷ್ಟವು ತೀರುವುದೆಂಬುದು ವ್ಯವಹಾರ. ಹರಕೆಯೆಂದರೆ ದೇವರೊಡನೆ ಮಾಡಿಕೊಂಡ ಕರಾರು. ಇದನ್ನು ಕ್ರಿಸ್ತನ ಉಪದೇಶದ ಪಕ್ಕದಲ್ಲಿಡುವುದು ಅಯುಕ್ತ. ಇಂಥ ಕಥೆಗಳಿಂದ ಬೆಳೆದ ವಾಙ್ಮಯವು ಸಾಹಿತ್ಯಪದವಿಗೆ ಅರ್ಹವಲ್ಲ ಎಂಬುದು ಅದರ ಸಾರ. ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಅದಕ್ಕೆ ಸಮಾಧಾನವನ್ನು ಹೇಳುವುದಕ್ಕೆ ಮೊದಲು ‘ವಿಶ್ವಾಸ’, ‘ನಂಬಿಕೆ’ ಎಂಬ ಪದಗಳು ಏನನ್ನು ಹೇಳುತ್ತವೆಂಬುದನ್ನು ಪರೀಕ್ಷಿಸುವುದು ಅವಶ್ಯಕ.

೩

೧೯ನೆಯ ಶತಮಾನದ ಮೊದಲ ಭಾಗದಲ್ಲಿ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದನು. ಅನಂತರ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಆ ಭಾಷಾಂತರವನ್ನು ತಿದ್ದುವುದರಲ್ಲಿ ಶ್ರಮಿಸಿದರು. ಗ್ರೀಕಿನ ‘ಪಿಸ್ತಿಸ್’ ಎಂಬ ಪದಕ್ಕೆ ಪ್ರಾಟೆಸ್ಟಂಟರ ಕನ್ನಡದಲ್ಲಿ ಹೆಚ್ಚಾಗಿ ‘ನಂಬಿಕೆ’ ಎಂದೂ ಕಥೋಲಿಕರ ಕನ್ನಡದಲ್ಲಿ ಹೆಚ್ಚಾಗಿ ‘ವಿಶ್ವಾಸ’ ಎಂದೂ ರೂಢಿ ನಿಂತಿತು. ಇವೆರಡೂ ಪರ್ಯಾಯಪದಗಳೆಂದು ತೋರಿದರೂ ಅವುಗಳ ಧ್ವನಿ ಬೇರೆ ಬೇರೆ.

‘ವಿಶ್ವಾಸ’ ಎಂಬುದು ‘ಶ್ವಸ್’ ಧಾತುವಿನಿಂದ ಬಂದುದು. ಉಸಿರಾಡುವುದೆಂಬುದು ಅದರ ಮೂಲಾರ್ಥ. ದುಃಖಿತನಾದವನು ಬಿಡುವುದು ನಿಃಶ್ವಾಸ. ಭಯವು ಕಳೆದು ನಿರಾತಂಕವಾಗಿ ಬಿಡುವ ಉಸಿರೇ ವಿಶ್ವಾಸ. ಲೋಕದ ಮಾತಿನಲ್ಲಿ ‘ವಿಶ್ವಾಸದಿಂದ ಮಾತನಾಡಿಸಿದರು’ ಎಂದರೆ ಪ್ರೀತಿಯೆಂಬ ಅರ್ಥವೂ ಉಂಟು. ಆದುದರಿಂದ ಈ ಪದವು ಮುಖ್ಯವಾಗಿ ಒಂದು ಮನಃಸ್ಥಿತಿಯನ್ನು, ನೆಮ್ಮದಿಯನ್ನು, ಸೂಚಿಸುತ್ತದೆ.

‘ನಂಬು’ ಎಂಬುದಾದರೋ ದೇಶ್ಯವಾದ ಕ್ರಿಯಾಪದ. ಒಕ್ಕಲಿಗನು ‘ಮಳೆಯನ್ನು ನಂಬಿ ಬಿತ್ತಿದೆ’ ಎನ್ನುತ್ತಾನೆ. ಬಡವನು ‘ನಿಮ್ಮನ್ನು ನಂಬಿ ಬಂದೆ’ ಎನ್ನುತ್ತಾನೆ. ಮೋಸಹೋದವನು ‘ಅವನನ್ನು ನಂಬಿ ಕೆಟ್ಟೆ’ ಎನ್ನುತ್ತಾನೆ. ಈ ಪ್ರಯೋಗಗಳಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು: ನಂಬಲ್ಪಟ್ಟುದು ದ್ವಿತೀಯಾವಿಭಕ್ತಿಯಲ್ಲಿ, ಸಾಕ್ಷಾತ್ ಕರ್ಮವಾಗಿ, ನಿಲ್ಲುತ್ತದೆ. ‘ದೇವರನ್ನು ನಂಬು’ ಎಂಬಲ್ಲಿರುವ ಸಾಮೀಪ್ಯವು ‘ದೇವರಲ್ಲಿ ನಂಬಿಕೆಯನ್ನಿಡು’ ಎಂಬ ಸಪ್ತಮಿಯಲ್ಲಿ ಸಡಿಲವಾಗುವುದು. ಅಲ್ಲಿ ನಂಬಿಕೆಯು ಇಡತಕ್ಕ ಒಂದು ಪದಾರ್ಥವಾಯಿತು. ಎರಡು: ‘ನಂಬಿ’ ಎಂಬುದು ಕೃದಂತಾವ್ಯಯ, ಅದು ತನ್ನಷ್ಟಕ್ಕೆ ತಾನು ನಿಲ್ಲದು, ಮುಂದೊಂದು ಕ್ರಿಯೆಯನ್ನು ಅಪೇಕ್ಷಿಸುತ್ತದೆ. ನಂಬಿ ಏನು ಮಾಡಿದ? ಬಿತ್ತಿದ, ಬಂದ, ಕೆಟ್ಟ, ಬದುಕಿದ. ಮಳೆ ಬರುವುದೋ ಇಲ್ಲವೋ ತಿಳಿಯದೆಯೇ ಬೀಜವನ್ನು ಮಣ್ಣಿಗೆ ಹಾಕುವುದು ಕನ್ನಡದ ನಂಬುಗೆ. ಬೆಳೆ ಬಂದಮೇಲೆ ಅದು ನಂಬುಗೆಯಲ್ಲ, ಲೆಕ್ಕ.

ಈ ವ್ಯಾಕರಣವಿಚಾರದಿಂದ ಒಂದು ವಿಮರ್ಶಸೂತ್ರವು ಲಭ್ಯವಾಗುವುದು. ದಿನಜೀವನದ ವಿಶ್ವಾಸವನ್ನು ವರ್ಣಿಸುವ ಗ್ರಂಥವು ಫಲವು ಕೈಸೇರುವುದಕ್ಕೆ ಮೊದಲಿನ ಆ ಘಟ್ಟವನ್ನು ವರ್ಣಿಸುತ್ತದೆಯೋ ಇಲ್ಲವೋ? ಮುಖ್ಯವಾಗಿ, ಕೈಗೂಡದ ಬೇಡಿಕೆಯನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ? ಇದೇ ನಿಕಷ. ಕೈಗೂಡಿದ ಬೇಡಿಕೆಗಳನ್ನು ಮಾತ್ರ ಪಟ್ಟಿಮಾಡುವ ಬರಹವು ಎಷ್ಟೇ ಭಕ್ತಿಯಿಂದ ಕೂಡಿದ್ದರೂ ಅರ್ಧ ಬರಹ.

೪

ಈ ನಿಕಷಕ್ಕೆ ಕ್ರೈಸ್ತರ ಮೂಲಗ್ರಂಥವೇ ಮೊದಲು ಒಡ್ಡಲ್ಪಡಬೇಕು. ಆಲಂಕಾರಿಕರು ಉಪದೇಶವನ್ನು ಪ್ರಭುಸಂಮಿತ, ಸುಹೃತ್ಸಂಮಿತ, ಕಾಂತಾಸಂಮಿತ ಎಂದು ಮೂರು ಬಗೆಯಾಗಿ ವಿಭಾಗಿಸಿದ್ದಾರೆ. ಒಡೆಯನಂತೆ ಆಜ್ಞಾಪಿಸುವುದು ಮೊದಲನೆಯದು. ಗೆಳೆಯನಂತೆ ತಿಳಿಹೇಳುವುದು ಎರಡನೆಯದು. ಕಾಂತೆಯಂತೆ ರಸದಿಂದ ಒಲಿಸಿಕೊಳ್ಳುವುದು ಮೂರನೆಯದು. ಬೈಬಲಿನಲ್ಲಿ ಈ ಮೂರೂ ಉಂಟು. ಮೋಶೆಗಾದ ಹತ್ತು ಆಜ್ಞೆಗಳು ಪ್ರಭುವಿನ ಮಾತು; ಯೇಸು ಹೇಳಿದ ಸಾಮತಿಗಳು ಸುಹೃದ್ವಾಕ್ಯ; ಕೀರ್ತನೆಗಳ ಗ್ರಂಥವು ಬಹುಮಟ್ಟಿಗೆ ಕಾವ್ಯ.

ನಾಳಿನ ಚಿಂತೆ ಬೇಡವೆಂದು ಯೇಸು ಬೆಟ್ಟದ ಮೇಲೆ ಮಾಡಿದ ಉಪದೇಶವನ್ನು ನೋಡಬಹುದು. ಬಿತ್ತದ ಹಕ್ಕಿಗಳನ್ನೂ ನೂಲದ ಹೂಗಳನ್ನೂ ದೃಷ್ಟಾಂತವಾಗಿ ಕೊಟ್ಟುದು ಸೋಮಾರಿತನದ ಬೋಧೆಯೆಂದು ಕೆಲವರು ಹಾಸ್ಯಮಾಡುವುದುಂಟು. ಆದರೆ ಆ ಪ್ರಕರಣದ ಉಪಸಂಹಾರವನ್ನು ಅವರು ಗಮನಿಸಿಲ್ಲ. ಆ ಆ ದಿನಕ್ಕೆ ಆ ಆ ದಿನದ ಕಾಟವಿದ್ದೇ ಇರುವುದೆಂದು ಹೇಳಿ ಅಲ್ಲಿಗೆ ಮಾತು ಮುಗಿಯುತ್ತದೆ. ಉಪಕ್ರಮೋಪಸಂಹಾರಗಳಿಂದ ತಾತ್ಪರ್ಯವನ್ನು ನಿರ್ಣಯಿಸುವ ಮೀಮಾಂಸಕರ ಕ್ರಮದಲ್ಲಿ ನೋಡಿದರೆ, ಇಲ್ಲಿ ಕಷ್ಟವು ಇಲ್ಲವೆಂದಾಗಲಿ ತಪ್ಪುವುದೆಂದಾಗಲಿ ಹೇಳಿಲ್ಲ. ಎರಡು ದಿನದ ಕಷ್ಟವನ್ನು ಒಂದೇ ದಿನ ಹೊರಬೇಡವೆಂದು ಮಾತ್ರ ಹೇಳಿದೆ. ಇದು ಗೆಳೆಯನ ಮಾತು.

ಇದಕ್ಕಿಂತಲೂ ಗಂಭೀರವಾದುದು ಗೆತ್ಸೇಮನೆ ತೋಟದ ಪ್ರಸಂಗ. ಮರಣದ ಹಿಂದಿನ ರಾತ್ರಿ ಯೇಸು ಆ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡಿ, ಆದರೂ ತಂದೆಯ ಚಿತ್ತದಂತೆಯೇ ಆಗಲೆಂದು ಒಪ್ಪಿಸಿಕೊಳ್ಳುತ್ತಾನೆ. ಪಾತ್ರೆಯು ತೊಲಗಲಿಲ್ಲ. ತನ್ನ ದೇಹದಲ್ಲಿ ನಾಟಿದ್ದ ಮುಳ್ಳೊಂದು ಹೋಗಲೆಂದು ಪೌಲನು ಮೂರಾವರ್ತಿ ಬೇಡಿದನು; ಮುಳ್ಳು ಹೋಗಲಿಲ್ಲ, ಸಹಿಸುವ ಕೃಪೆಯು ದೊರೆಯಿತು. ಹೀಗೆ ಕ್ರೈಸ್ತಮತದ ಕೇಂದ್ರದಲ್ಲಿಯೇ ಕೈಗೂಡದ ಬೇಡಿಕೆಯೊಂದು ಇದೆ. ಈ ಪ್ರಸಂಗವನ್ನು ಬಿಟ್ಟು ವಿಶ್ವಾಸವನ್ನು ಬೋಧಿಸುವ ಗ್ರಂಥವು ತನ್ನ ಮೂಲಕ್ಕೇ ಎರವಾಗುವುದು.

ಕನ್ನಡದಲ್ಲಿ ಈ ಚರಿತ್ರೆಯನ್ನು ನಾಲಗೆಯ ಮೇಲೆ ನಿಲ್ಲಿಸಲು ಯತ್ನಿಸಿದವನು ಫರ್ಡಿನಂಡ್ ಕಿಟ್ಟೆಲ್. ೧೮೯೪ರ ಮಹಾನಿಘಂಟಿನಿಂದ ಅವನ ಹೆಸರು ಮನೆಮಾತಾಗಿದೆ. ಆದರೆ ಅದಕ್ಕೆ ೩೨ ವರ್ಷ ಮೊದಲೇ, ೧೮೬೨ರಲ್ಲಿ, ಅವನು ‘ಕಥಾಮಾಲೆ’ ಎಂಬ ಹೆಸರಿನಿಂದ ಯೇಸುವಿನ ಚರಿತ್ರೆಯನ್ನು ಈ ದೇಶದ ಪದ್ಯರೀತಿಯಲ್ಲಿ ರಚಿಸಿ ಪ್ರಕಟಿಸಿದ್ದನು. ಮುಂದೆ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿದ ಕಿಟ್ಟೆಲನಿಗೆ ಛಂದಸ್ಸು ಬರಿಯ ಶಾಸ್ತ್ರವಿಷಯವಾಗಿರಲಿಲ್ಲವೆಂಬುದಕ್ಕೆ ಈ ಕೃತಿಯೇ ಸಾಕ್ಷಿ. ಕಷ್ಟಕಾಲದಲ್ಲಿ ಮನುಷ್ಯನು ಗದ್ಯವನ್ನು ನೆನೆಯುವುದಿಲ್ಲ. ತಾನು ಹಾಡಿದುದನ್ನು ನೆನೆಯುತ್ತಾನೆ. ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ಮೋಗ್ಲಿಂಗನೂ ಈ ಮರ್ಮವನ್ನು ಅರಿತಿರಬೇಕು. ಅಪರಿಚಿತವಾದ ಕಥೆಗೆ ಪರಿಚಿತವಾದ ಲಯವನ್ನು ಕೊಟ್ಟುದರಿಂದ ಅದು ಕನ್ನಡಿಗನ ನೆನಪಿನ ಮನೆಯನ್ನು ಹೊಕ್ಕಲು ದಾರಿಯಾಯಿತು.

೫

ಬಾಸೆಲ್ ಮಿಷನ್ನಿನವರು ೧೯ನೆಯ ಶತಮಾನದ ನಡುಗಾಲದಲ್ಲಿ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಿಸಿದ ಜಾನ್ ಬನ್ಯನ್ನನ ಗ್ರಂಥವನ್ನು ಈ ನಿಕಷದಲ್ಲಿ ಉಜ್ಜಿದರೆ ಬಂಗಾರವೇ ಕಾಣುವುದು. ಬನ್ಯನ್ನನು ಪಾತ್ರೆಗಳಿಗೆ ಬೆಸುಗೆ ಹಾಕುವ ವೃತ್ತಿಯವನು. ತನ್ನ ರೀತಿಯಲ್ಲಿ ಉಪದೇಶಮಾಡಿದುದಕ್ಕಾಗಿ ೧೬೬೦ರಿಂದ ಹನ್ನೆರಡು ವರ್ಷ ಸೆರೆಮನೆಯಲ್ಲಿದ್ದನು. ೧೬೭೮ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಯಾತ್ರಿಕನ ಬೆನ್ನ ಮೇಲಿನ ಹೊರೆಯು ಶಿಲುಬೆಯ ಮುಂದೆ ಕಳಚಿ ಬೀಳುತ್ತದೆ. ಇದು ಕಥೆಯ ಕೊನೆಯಲ್ಲ, ಬಹುಮಟ್ಟಿಗೆ ಆರಂಭದಲ್ಲಿಯೇ ಆಗುತ್ತದೆಂಬುದು ಸ್ವಾರಸ್ಯ. ಹೊರೆ ಬಿದ್ದಮೇಲೆಯೇ ಕಡಿದಾದ ಗುಡ್ಡವೂ ಗೆಳೆಯನ ಮರಣವೂ ಸಂದೇಹದ ಕೋಟೆಯೂ ಎದುರಾಗುವುವು.

ಆ ಕೋಟೆಯ ಪ್ರಸಂಗವು ದಿನದ ನಿಶ್ಚಯಗಳಿಗೆ ತೀರ ಹತ್ತಿರವಾದುದು. ದಾರಿಯು ಕಲ್ಲುಮುಳ್ಳಾಯಿತೆಂದು ಯಾತ್ರಿಕರು ಪಕ್ಕದ ಹುಲ್ಲುಗಾವಲಿನ ಮೆತ್ತನೆಯ ಹಾದಿಯನ್ನು ಹಿಡಿಯುವರು. ಆ ಹಾದಿಯೂ ಜೊತೆಯಲ್ಲಿಯೇ ಸಾಗುವಂತೆ ತೋರುವುದು. ಕತ್ತಲಾದಮೇಲೆ ನಿರಾಶೆಯೆಂಬ ರಾಕ್ಷಸನ ಸೆರೆಯಾಗುವುದು. ಅಲ್ಲಿಂದ ಬಿಡಿಸುವ ಬೀಗದ ಕೈಯು ಯಾತ್ರಿಕನ ಎದೆಯಲ್ಲಿಯೇ ಇತ್ತು. ವಾಗ್ದಾನವೆಂಬುದು ಅದರ ಹೆಸರು. ಅದನ್ನು ಅವನು ಮರೆತಿದ್ದನು. ಇಲ್ಲಿ ಆಕಾಶದಿಂದ ದೇವದೂತನಿಳಿದು ಬಾಗಿಲನ್ನು ತೆರೆಯುವುದಿಲ್ಲ. ಮನುಷ್ಯನು ತಪ್ಪು ನಿಶ್ಚಯವನ್ನು ಮಾಡುವನು, ಫಲವನ್ನು ಅನುಭವಿಸುವನು, ನೆನಪಿನಿಂದ ಬಿಡುಗಡೆಹೊಂದುವನು. ರೂಪಕಕಥೆಯು ಸಾಮಾನ್ಯವಾಗಿ ಶುಷ್ಕವಾಗುವುದೆಂಬ ದೂರು ಇಲ್ಲಿ ಸಲ್ಲದು. ಸಂಜ್ಞೆಗಳ ಹಿಂದೆ ಸೆರೆಮನೆಯನ್ನು ಕಂಡವನ ಉಸಿರಿದೆ.

ಹೊರೆಯನ್ನು ಇಳಿಸುವ ಈ ರೂಪಕವು ಸಾಲಿಗ್ರಾಮದ ಕಡೆಗೆ ದೃಷ್ಟಿಯನ್ನು ಸೆಳೆಯುತ್ತದೆ. ಶ್ರೀವೈಷ್ಣವರ ಪ್ರಪತ್ತಿಶಾಸ್ತ್ರದಲ್ಲಿ ಶರಣಾಗತಿಗೆ ‘ಭರನ್ಯಾಸ’ವೆಂಬ ಹೆಸರುಂಟು, ತನ್ನ ರಕ್ಷಣೆಯ ಭಾರವನ್ನು ದೇವರ ಮೇಲಿಡುವುದೆಂದು ಅರ್ಥ. ಅವನು ಕಾಪಾಡುವನೆಂಬ ಮಹಾವಿಶ್ವಾಸವು ಅದರ ಅಂಗಗಳಲ್ಲಿ ಒಂದು. ಆಂಧ್ರಪೂರ್ಣರೆಂದೂ ಕರೆಯಲ್ಪಡುವ ವಡುಗನಂಬಿಗಳು ಸಾಲಿಗ್ರಾಮದವರೆಂದು ಸಂಪ್ರದಾಯ. (ಇಲ್ಲಿಯ ‘ನಂಬಿ’ಯು ತಮಿಳಿನ ಗೌರವಪದ, ಮೇಲೆ ಚರ್ಚಿಸಿದ ಕೃದಂತವೆಂದು ಭ್ರಮಿಸಬಾರದು.) ಅವರು ರಾಮಾನುಜರಿಗಾಗಿ ಹಾಲನ್ನು ಕಾಸುತ್ತಿದ್ದಾಗ ಬೀದಿಯಲ್ಲಿ ರಂಗನಾಥನ ಉತ್ಸವವು ಬಂದಿತು. ನೋಡಲು ಬಾ ಎಂದು ಗುರುಗಳೇ ಕರೆದರೂ, ನಿಮ್ಮ ದೇವರನ್ನು ನೋಡಲು ಬಂದರೆ ನನ್ನ ದೇವರ ಹಾಲು ಉಕ್ಕಿಹೋಗುವುದೆಂದು ಅವರು ಒಲೆಯ ಬಳಿಯಲ್ಲಿಯೇ ನಿಂತರೆಂಬ ಕಥೆಯಿದೆ. ವಿಶ್ವಾಸವು ಅಡಿಗೆಮನೆಯ ನಿಶ್ಚಯದಲ್ಲಿ ಕಾಣುವುದೆಂಬುದಕ್ಕೆ ಇದಕ್ಕಿಂತ ಮಿಗಿಲಾದ ದೃಷ್ಟಾಂತವು ದುರ್ಲಭ.

ಆದರೆ ಅದೇ ಕಾಲದಲ್ಲಿ ನಡೆದುದೆಂದು ಗುರುಪರಂಪರೆಯವರು ಹೇಳುವ ಇನ್ನೊಂದು ಸಂಗತಿಯನ್ನು ಮರೆಯಲಾಗದು. ರಾಮಾನುಜರು ತಪ್ಪಿಸಿಕೊಳ್ಳಲೆಂದು ಅವರ ವೇಷದಲ್ಲಿ ಚೋಳನ ಸಭೆಗೆ ಹೋದ ಕೂರೇಶರು ಕಣ್ಣುಗಳನ್ನು ಕಳೆದುಕೊಂಡರು. ಶ್ರೀಪಾದತೀರ್ಥದ ಸಂಭ್ರಮದ ಹಿಂದೆ ಆ ಕತ್ತಲೆಯಿದೆ. ಮುಂದೆ ಗುರುಗಳ ಮಾತಿನಂತೆ ಕಂಚಿಯ ವರದನನ್ನು ಸ್ತುತಿಸಿದಾಗ, ಕೂರೇಶರು ಕಣ್ಣನ್ನು ಬೇಡದೆ, ತಮ್ಮ ಕಣ್ಣು ಹೋಗಲು ಕಾರಣನಾದವನಿಗೂ ಸದ್ಗತಿಯಾಗಲೆಂದು ಬೇಡಿದರೆಂದು ಪ್ರತೀತಿ. ಎರಡು ಮತಗಳ ತತ್ತ್ವವು ಒಂದೇ ಎಂದು ಇದರಿಂದ ಸಾಧಿಸಹೊರಡುವುದು ಸಾಹಸ. ಪ್ರಪತ್ತಿಯಲ್ಲಿ ಆಚಾರ್ಯನಿಗಿರುವ ಸ್ಥಾನವು ಬೇರೆ. ದೇವಪುತ್ರನ ಬೇಡಿಕೆಯೇ ಕೈಗೂಡದೆ ಹೋದುದೆಂಬ ಕ್ರೈಸ್ತಕಥೆಯ ಪೆಟ್ಟು ಬೇರೆ. ಆದರೆ ಇಬ್ಬರ ವಾಙ್ಮಯವೂ ತನ್ನ ಶಿಖರವನ್ನು ಮುಟ್ಟುವುದು ಫಲದ ಆಸೆಯು ಹಿಂದೆ ಸರಿದ ಎಡೆಯಲ್ಲಿ ಎಂಬುದು ಸಹೃದಯರಿಗೆ ವೇದ್ಯ.

೬

ಇನ್ನು ದೋರನಹಳ್ಳಿಯ ಐತಿಹ್ಯದ ಮೇಲಿನ ಆಕ್ಷೇಪಕ್ಕೆ ಸಮಾಧಾನ. ಹರಕೆಯ ಕಥೆಯು ಅಲ್ಲಿಗೇ ನಿಂತರೆ ಆಕ್ಷೇಪವು ಸತ್ಯವೇ. ಆದರೆ ಆ ಕಥೆಯ ನಾಯಕನು ಯಾರೆಂಬುದನ್ನು ನೋಡಬೇಕು. ಅಂತೋಣಿಯವರು ೧೧೯೫ರಲ್ಲಿ ಲಿಸ್ಬನ್ ನಗರದಲ್ಲಿ ಹುಟ್ಟಿದವರು, ಪೂರ್ವನಾಮ ಫೆರ್ನಾಂಡೊ. ಮೊರಾಕ್ಕೊದಲ್ಲಿ ಪ್ರಾಣವನ್ನೊಪ್ಪಿಸಿದ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ದೇಹಾವಶೇಷಗಳನ್ನು ಕಂಡು, ೧೨೨೦ರಲ್ಲಿ ಆ ಸಂಘವನ್ನು ಸೇರಿ, ತಾವೂ ಅಲ್ಲಿಯೇ ಹುತಾತ್ಮರಾಗಬೇಕೆಂದು ಹೊರಟರು. ಅವರ ಬಾಳಿನ ದೊಡ್ಡ ಬೇಡಿಕೆ ಅದೊಂದೇ. ಅದು ಈಡೇರಲಿಲ್ಲ. ಮೊರಾಕ್ಕೊದಲ್ಲಿ ರೋಗವು ಬಂದಿತು. ಹಿಂದಿರುಗುವಾಗ ಬಿರುಗಾಳಿಯು ಹಡಗನ್ನು ಸಿಸಿಲಿಯ ತೀರಕ್ಕೆ ನೂಕಿತು. ಇಟಲಿಯ ಒಂದು ಸಣ್ಣ ಆಶ್ರಮದಲ್ಲಿ ಯಾರಿಗೂ ಬೇಡದವರಂತೆ ಮನೆಗೆಲಸ ಮಾಡಿಕೊಂಡಿದ್ದರು. ೧೨೨೨ರಲ್ಲಿ ಫೊರ್ಲಿ ಎಂಬಲ್ಲಿ, ಉಪದೇಶಿಸಲು ಬೇರಾರೂ ಸಿದ್ಧರಿಲ್ಲದಾಗ, ಇವರನ್ನು ಎಬ್ಬಿಸಿ ನಿಲ್ಲಿಸಿದರು. ಅಂದು ಅವರ ವಾಗ್ಮಿತೆಯು ಲೋಕಕ್ಕೆ ತಿಳಿಯಿತು. ೧೨೩೧ರ ಜೂನ್ ೧೩ರಂದು, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ವರ್ಷ ತುಂಬುವುದರೊಳಗೆ ಸಂತರೆಂದು ಸಾರಲ್ಪಟ್ಟರು.

ಅವರು ಕಳೆದುಕೊಂಡಿದ್ದ ಕೀರ್ತನೆಗಳ ಪುಸ್ತಕವೊಂದು ಪ್ರಾರ್ಥನೆಯ ಬಳಿಕ ಮರಳಿ ಸಿಕ್ಕಿತೆಂಬ ಕಥೆಯಿಂದ, ಕಳೆದುದನ್ನು ದೊರಕಿಸಿಕೊಡುವವರೆಂದು ಜನರು ಅವರನ್ನು ಬೇಡುವರು. ಪುಸ್ತಕವು ಸಿಕ್ಕಿತು, ನಿಜ. ಆದರೆ ಅವರು ಕಳೆದುಕೊಂಡ ಮೊರಾಕ್ಕೊ ಮರಳಿ ಸಿಕ್ಕಲಿಲ್ಲ. ಕಳೆದುದನ್ನು ಕೊಡುವ ಸಂತನು ತಾನು ಬೇಡಿದುದನ್ನು ಪಡೆಯದವನು. ದೋರನಹಳ್ಳಿಯ ಐತಿಹ್ಯವನ್ನು ಸಂತನ ಚರಿತ್ರೆಯೊಡನೆ ಜೋಡಿಸಿ ಓದಿದರೆ ಹರಕೆಯು ಪೀಠಿಕೆಯಾಗುವುದು, ಚರಿತ್ರೆಯು ಗ್ರಂಥವಾಗುವುದು. ಭಯದಿಂದ ಗುಡಿಯ ಬಾಗಿಲಿಗೆ ಬಂದವನು ಒಳಗೆ ಕಾಣುವುದು ತನ್ನಂತೆಯೇ ದಾರಿ ತಪ್ಪಿ, ತಪ್ಪಿದ ದಾರಿಯಲ್ಲಿಯೇ ಕೆಲಸವನ್ನು ಕಂಡುಕೊಂಡ ಒಬ್ಬ ಮನುಷ್ಯನನ್ನು.

ಈ ವಿಚಾರವು ಬರಿಯ ಪಾಂಡಿತ್ಯದ ವಿನೋದವಲ್ಲ. ಬೇಡಿದುದೆಲ್ಲ ದೊರೆಯಿತೆಂಬ ಸಾಕ್ಷ್ಯಗಳನ್ನೇ ಓದುತ್ತ ಬಂದ ತಾಯಿಯೊಬ್ಬಳ ಮಗುವು ತೀರಿಕೊಂಡರೆ, ಅವಳು ದೇವರಿಲ್ಲವೆಂದು ಹೇಳಲಾರಳು. ತನ್ನ ನಂಬಿಕೆಯೇ ಸಾಲದಾಯಿತೆಂದು ತನ್ನನ್ನೇ ಹಳಿದುಕೊಳ್ಳುವಳು. ಅರ್ಧ ಬರಹವು ಮಾಡುವ ಅಪಕಾರವಿದು. ಆಕೆಗೆ ಗೆತ್ಸೇಮನೆಯ ಕಥೆಯನ್ನು ಮುಟ್ಟಿಸಿದ ಗ್ರಂಥವು, ಆಕೆಯ ದುಃಖವನ್ನು ಕಳೆಯದಿದ್ದರೂ, ಆ ದುಃಖದ ಮೇಲೆ ಅಪರಾಧವನ್ನು ಹೇರುವುದಿಲ್ಲ. ಯಾವ ಮತದ ಭಕ್ತಿವಾಙ್ಮಯಕ್ಕಾದರೂ ಈ ಹೊಣೆಯುಂಟು.

ಹೀಗಿರಲು, ಕನ್ನಡದ ಕ್ರೈಸ್ತ ವಾಙ್ಮಯವನ್ನು ಪ್ರಚಾರವೆಂದು ತಳ್ಳಿಹಾಕುವುದೂ ಉಪಕಾರಸ್ಮರಣೆಗಾಗಿ ಹೊಗಳುವುದೂ ಸಮವಾಗಿ ಅವಿಚಾರ. ಕಥಾಮಾಲೆ, ಯಾತ್ರಿಕನ ಸಂಚಾರ, ದೋರನಹಳ್ಳಿಯ ಐತಿಹ್ಯ, ಇವನ್ನು ಪಾಠಶಾಲೆಗಳಲ್ಲಿ ದಾಸರ ಪದಗಳ ಮತ್ತು ಗುರುಪರಂಪರೆಯ ಕಥೆಗಳ ಪಕ್ಕದಲ್ಲಿಟ್ಟು ಬೋಧಿಸಿದರೆ, ‘ನಂಬಿ’ ಎಂಬ ಅಪೂರ್ಣಕ್ರಿಯೆಯನ್ನು ಯಾವ ಕೃತಿಯು ಯಾವ ಕ್ರಿಯೆಯಿಂದ ಪೂರ್ಣಮಾಡಿತೆಂದು ವಿದ್ಯಾರ್ಥಿಗಳೇ ನಿರ್ಣಯಿಸಬಲ್ಲರು. ನಂಬಿ ಪಡೆದವರ ಕಥೆಗಳು ಬಹಳ. ನಂಬಿ ಪಡೆಯದೆಯೂ ನಿಂತವರ ಕಥೆಯನ್ನು ಹೇಳಬಲ್ಲ ಕನ್ನಡವೇ ಸಮರ್ಥವಾದ ಕನ್ನಡ.